ಕಮಾನಿನ ಕಾಲಡಿಯ ಕಲ್ಲು

ಕಟ್ರಾದಿಂದ ಬನಿಹಾಲ್‌ವರೆಗಿನ ರೈಲುದಾರಿ 111 ಕಿ.ಮೀ. ಅದರಲ್ಲಿ 97 ಕಿ.ಮೀ.ನಷ್ಟು ಸುರಂಗವೇ. ಹಿಮಾಲಯ ನೋಡುವ ಆಸೆಗೆ ಕಿಟಕಿ ಸೀಟು ಹಿಡಿದವರು ಬಹಳ ಹೊತ್ತು ಗಾಜಿನಲ್ಲಿ ತಮ್ಮ ಮುಖವನ್ನೇ ನೋಡುತ್ತ ಕೂರಬೇಕು. ಬೆಳಕು ಬಂದಾಗ ಸಿಗುವುದು ಒಂದು ಸೇತುವೆ, ಒಂದು ಸ್ಟೇಷನ್ನು, ಮತ್ತೆ ಕತ್ತಲೆ. ಹಾಗಾಗಿ ಮೊದಲು ರಸ್ತೆಯಲ್ಲಿ ಹೋಗಿ ಆ ದಾರಿಯ ಚೆನಾಬ್ ಸೇತುವೆಯನ್ನು ಕೆಳಗಿನಿಂದ ನೋಡುವುದು, ರೈಲು ಆಮೇಲೆ ಎಂದು ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲೇ ತೀರ್ಮಾನಿಸಿಬಿಟ್ಟಿದ್ದಳು. ಯೋಜನೆ ಅವಳದು, ಹಣವೂ ಅವಳದು. ನಾನು ಜೊತೆಗೆ ಹೋದವನು.

ಅವಳು ಸುರತ್ಕಲ್‌ನಲ್ಲಿ ಜಿಯೋಟೆಕ್ನಿಕಲ್ ಎಂಜಿನಿಯರಿಂಗ್‌ನ ಎಂ.ಟೆಕ್. ವಿದ್ಯಾರ್ಥಿನಿ. ಅಂದರೆ ಮಣ್ಣು, ಬಂಡೆ, ಬುನಾದಿಗಳ ಓದು. ಕಂಪ್ಯೂಟರ್ ಬಿಟ್ಟು ಮಣ್ಣು ಹಿಡಿದಳಲ್ಲ ಎಂದು ನೆಂಟರಲ್ಲಿ ಕೆಲವರಿಗೆ ಇನ್ನೂ ಬೇಸರವಿದೆ. ಒಂದು ಸಮ್ಮೇಳನದಲ್ಲಿ ಅವಳ ಪ್ರಬಂಧಕ್ಕೆ ವಿದ್ಯಾರ್ಥಿ ವಿಭಾಗದ ಬಹುಮಾನ ಬಂತು. ವಿಷಯ ಶೇಡಿ ಮಣ್ಣು. ಕರಾವಳಿಯಲ್ಲಿ ಮುರಕಲ್ಲಿನ ಪದರದ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣಗಳಲ್ಲಿ ಸಿಗುವ ನುಣುಪು ಮಣ್ಣದು. ಒಣಗಿದ್ದಾಗ ಕಡಿದಾಗಿ ಗೋಡೆಯ ಹಾಗೆ ನಿಲ್ಲುತ್ತದೆ. ನೀರು ಕುಡಿಯಿತೆಂದರೆ ಶಕ್ತಿಯೆಲ್ಲ ಹೋಗುತ್ತದೆ. ಮುರಕಲ್ಲನ್ನು ಕೆತ್ತಿ ತೆಗೆದು ಗುಡ್ಡ ಕಡಿದ ಕಡೆಯೆಲ್ಲ ಇದು ಮಳೆಗೆ ಮೈಯೊಡ್ಡಿ ನಿಲ್ಲುತ್ತದೆ. ಅಂಥ ಗುಡ್ಡಗಳ ಬುಡದಿಂದ ಮಣ್ಣಿನ ಗಟ್ಟಿಗಳನ್ನು ಕದಲದಂತೆ ಕತ್ತರಿಸಿ ತೆಗೆದು, ಮೇಣ ಹಚ್ಚಿ, ಬೈಕಿನ ಹಿಂದೆ ಮಡಿಲಲ್ಲಿಟ್ಟುಕೊಂಡು ಪ್ರಯೋಗಾಲಯಕ್ಕೆ ತರುವುದರಲ್ಲೇ ಅವಳ ಅರ್ಧ ಓದು ಕಳೆದಿತ್ತು. ದಾರಿಯಲ್ಲಿ ಒಂದು ಹಂಪ್ ಸಿಕ್ಕಿ ಗಟ್ಟಿ ಒಡೆದರೆ ಮತ್ತೆ ಗುಡ್ಡಕ್ಕೆ. ಅವಳು ಸೀಟು ಸಿಕ್ಕು ಕಾಲೇಜಿಗೆ ಹೊರಡುವ ಹೊತ್ತಿನಲ್ಲೇ, 2024ರ ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಗೆ ಇಳಿದಿತ್ತು. ಆ ಮೇಲೆ ನೆಂಟರ ಟೀಕೆ ಸ್ವಲ್ಪ ತಗ್ಗಿತು.

ಬಹುಮಾನದ ದುಡ್ಡಿನಲ್ಲಿ ಕಿವಿಗೆ ಏನಾದರೂ ಮಾಡಿಸಿಕೋ ಎಂದಳು ಅಕ್ಕ. "ಬೇಡಮ್ಮ, ಚೆನಾಬ್ ಸೇತುವೆಯ ಬುನಾದಿ ನೋಡ್ಕೊಂಡು ಬರ್ತೀನಿ" ಅಂದಳು ಇವಳು. ಒಬ್ಬಳನ್ನೇ ಅಷ್ಟು ದೂರ ಕಳಿಸುವುದಕ್ಕೆ ಮನೆಯಲ್ಲಿ ಧೈರ್ಯವಾಗಲಿಲ್ಲ. ಲೆಕ್ಕಪರಿಶೋಧನೆಯಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ಮಾಮ ಒಬ್ಬ ಖಾಲಿ ಕೂತಿದ್ದನಲ್ಲ.

ನಾವು ಹೋದದ್ದು ಮಳೆ ಮುಗಿದ ಮೇಲೆ. ಕಟ್ರಾದಲ್ಲಿ ತ್ರಿಕೂಟ ಬೆಟ್ಟ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಆದರೆ ಆ ಮಳೆಗಾಲ ಅಲ್ಲಿ ಯಾರೂ ಮರೆಯುವಂಥದಲ್ಲ. 2025ರ ಆಗಸ್ಟ್ 26ರಂದು ವೈಷ್ಣೋದೇವಿಯ ದಾರಿಯಲ್ಲಿ ಅರ್ಧಕುವಾರಿಯ ಹತ್ತಿರ ಬೆಟ್ಟ ಕುಸಿದು ಮೂವತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಹೋಟೆಲಿನವನು ಕೋಣೆಯ ಬೀಗದ ಕೈ ಕೊಡುತ್ತ ಅದನ್ನೇ ಹೇಳಿದ. ಇವಳು ಬೆಟ್ಟದ ಕಡೆ ತಿರುಗಿ ನೋಡಿದಳು, ಏನೂ ಹೇಳಲಿಲ್ಲ.

ಮರುದಿನ ರಿಯಾಸಿಗೆ ಟ್ಯಾಕ್ಸಿ. ಚಾಲಕ ಅಲ್ಲಿಯವನೇ, ಡೋಗ್ರಿ ಮಾತಿನ ಎಳೆತ ಬೆರೆತ ಹಿಂದಿ. ದಾರಿಯುದ್ದಕ್ಕೂ ಅವನಿಗೆ ಬಾಯಿಪಾಠವಾಗಿದ್ದ ಅಂಕಿಗಳು ಬರುತ್ತಲೇ ಇದ್ದವು: ನದಿಯ ಪಾತ್ರದಿಂದ 359 ಮೀಟರ್ ಎತ್ತರ, ಉದ್ದ 1,315 ಮೀಟರ್, ಕಮಾನಿನ ಹರವು 467 ಮೀಟರ್, ಐಫೆಲ್ ಗೋಪುರಕ್ಕಿಂತ ಎತ್ತರ. ಐಫೆಲ್ ಜೊತೆ ಈ ಹೋಲಿಕೆ ಯಾಕೆ ಬೇಕೋ ನನಗಂತೂ ತಿಳಿಯದು. ಅದು ನೆಲದಿಂದ ಮೇಲೆದ್ದ ಗೋಪುರ. ಇದು ಎರಡು ಬೆಟ್ಟಗಳ ನಡುವೆ ಹಾಕಿದ ದಾರಿ. ಇಲ್ಲಿ ಎತ್ತರವನ್ನು ಕೊಟ್ಟಿದ್ದು ಕಣಿವೆ.

ತಿರುವೊಂದರಲ್ಲಿ ಕಾರು ನಿಂತಿತು. ಕಮಾನು ಕಂಡಿತು. ಎಷ್ಟೇ ಫೋಟೊ ನೋಡಿದ್ದರೂ ಮೊದಲ ನೋಟಕ್ಕೆ ಬಾಯಿ ಕಟ್ಟುತ್ತದೆ ಎನ್ನುವುದನ್ನು ಒಪ್ಪಿಕೊಳ್ಳಬೇಕು. 28,000 ಟನ್ನಿಗೂ ಹೆಚ್ಚು ಉಕ್ಕು ಅಷ್ಟು ತೆಳ್ಳಗೆ ಕಾಣುವುದು ಹೇಗೆ? ಚೆನಾಬ್ ಅಡಿಯಲ್ಲಿ ಹಸಿರು ನೂಲಿನಷ್ಟಿತ್ತು. ನಾನು ಫೋನು ಎತ್ತಿ ಕಮಾನಿನ ಚಿತ್ರ ತೆಗೆಯುತ್ತಿದ್ದರೆ ಇವಳು ಫೋನನ್ನು ಬೇರೆಲ್ಲೋ ತಿರುಗಿಸಿದ್ದಳು. ಕಮಾನಿನ ಕಾಲು ಊರಿದ ಜಾಗದ ಸುತ್ತ, ಮೇಲೆ, ಕೆಳಗೆ ಬೆಟ್ಟದ ಮೈಯನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದು ಕಾಂಕ್ರೀಟು ಬಳಿದ ಬೂದು ಗೋಡೆಗಳಿದ್ದವು. ಅವುಗಳನ್ನೇ ಹತ್ತಿರಕ್ಕೆ ಎಳೆದು ಎಳೆದು ತೆಗೆಯುತ್ತಿದ್ದಳು.

ಚಾಲಕನಿಗೆ ತಡೆಯಲಾಗಲಿಲ್ಲ. "ಮೇಡಂ, ಸೇತುವೆ ಆ ಕಡೆ ಇದೆ."

"ಗೊತ್ತು ಭಯ್ಯಾ. ಅದು ನಿಂತಿರೋದು ಈ ಕಡೆ."

ಕಮಾನಿನ ವಿಷಯ ಹಾಗೆಯೇ. ಕಂಬ ತನ್ನ ಭಾರವನ್ನು ನೇರ ಕೆಳಗಿಳಿಸುತ್ತದೆ. ಕಮಾನು ಕೆಳಗೂ ತಳ್ಳುತ್ತದೆ, ಹೊರಗೂ ಒದೆಯುತ್ತದೆ. ಆ ಒದೆತವನ್ನು ತಿನ್ನುವುದು ಎರಡೂ ದಡದ ಇಳಿಜಾರು. ಇಲ್ಲಿನ ಇಳಿಜಾರು ಕಡಿದಾದ ಡಾಲಮೈಟ್ ಬಂಡೆ. ಹತ್ತಿರದಲ್ಲೇ ರಿಯಾಸಿ ಥ್ರಸ್ಟ್ ಎಂಬ ಭೂಸ್ತರಭಂಗ. ಹಿಮಾಲಯವನ್ನು ಎತ್ತಿದ ಒತ್ತಡವೇ ಈ ಬಂಡೆಯನ್ನು ಸೀಳಿಯೂ ಇಟ್ಟಿದೆ. ಸೀಳುಗಳು ಒಂದೇ ದಿಕ್ಕಿಗಿದ್ದರೆ ಅರ್ಥವಾದೀತು. ಹಲವು ದಿಕ್ಕಿನ ಸೀಳುಗಳು ಒಂದನ್ನೊಂದು ಕತ್ತರಿಸಿ ಬಂಡೆ ಸಣ್ಣ ದೊಡ್ಡ ತುಂಡುಗಳ ಜೋಡಣೆಯಾಗಿದೆ. ಯಾವುದಾದರೂ ಸೀಳು ನದಿಯ ಕಡೆ ವಾಲಿಕೊಂಡು ಇಳಿಜಾರಿನ ಮುಖದಲ್ಲಿ ಬಾಯಿಬಿಟ್ಟಿದ್ದರೆ ಅದರ ಮೇಲಿನ ತುಂಡಿಗೆ ಜಾರುವುದಕ್ಕೆ ದಾರಿ ಸಿದ್ಧವಾದಂತೆ. ಬುನಾದಿ ಕೂರಿಸಬೇಕೆಂದರೆ ಅಂಥ ಇಳಿಜಾರನ್ನೇ ಕಡಿಯಬೇಕು. ಅಂದರೆ ಜಾರದಂತೆ ತಡೆದು ಹಿಡಿದದ್ದನ್ನೇ ತೆಗೆಯಬೇಕು.

ಈ ಇಳಿಜಾರುಗಳನ್ನು ನಿಲ್ಲಿಸುವ ಲೆಕ್ಕದ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮಾಧವಿ ಲತಾ ಇದ್ದರು. ಗುತ್ತಿಗೆದಾರ ಸಂಸ್ಥೆ ಆಫ್ಕಾನ್ಸ್‌ಗೆ ಜಿಯೋಟೆಕ್ನಿಕಲ್ ಸಲಹೆಗಾರರಾಗಿ 17 ವರ್ಷ. ನನ್ನ ಸೊಸೆಯಾಗಬೇಕಾದ ಈ ಹುಡುಗಿ ಮಣ್ಣು ಹಿಡಿಯಲು ಅವರ ಲೇಖನಗಳೂ ಒಂದು ಕಾರಣ. ಮಾಧವಿ ಲತಾ ಪ್ರಕಾಶಂ ಜಿಲ್ಲೆಯ ಏಡುಗುಂಡ್ಲಪಾಡು ಎಂಬ ಹಳ್ಳಿಯವರು. ಕಾಕಿನಾಡದಲ್ಲಿ 1992ಕ್ಕೆ ಬಿ.ಟೆಕ್., ವಾರಂಗಲ್‌ನಲ್ಲಿ ಚಿನ್ನದ ಪದಕದೊಂದಿಗೆ ಎಂ.ಟೆಕ್., ಮದ್ರಾಸ್ ಐಐಟಿಯಲ್ಲಿ 2000ಕ್ಕೆ ಪಿಎಚ್.ಡಿ. ಗುವಾಹಟಿಯಲ್ಲಿ ಸ್ವಲ್ಪ ಕಾಲ ಪಾಠ ಹೇಳಿ ಬೆಂಗಳೂರಿಗೆ ಬಂದರು. ಪತ್ರಿಕೆಗಳು ಇಷ್ಟನ್ನು ಬರೆದು ಅಲ್ಲಿಂದ ನೆಗೆದು ಸೇತುವೆಗೆ ಬಂದುಬಿಡುತ್ತವೆ. ಮದ್ರಾಸಿನಲ್ಲಿ ಅವರು ಕೂತು ಮಾಡಿದ್ದೇನು ಎಂದು ಯಾರೂ ಕೇಳುವುದಿಲ್ಲ. ನನಗೂ ತಿಳಿದದ್ದು ಈ ಹುಡುಗಿಯಿಂದಲೇ, ರಿಯಾಸಿಯ ಒಂದು ಢಾಬಾದಲ್ಲಿ ರಾಜ್ಮಾ ಅನ್ನ ತಿನ್ನುತ್ತ.

ಅವರ ಸಂಶೋಧನೆ ಜಿಯೋಸೆಲ್ ಎಂಬುದರ ಮೇಲೆ. ಪಾಲಿಮರಿನ ಪಟ್ಟಿಗಳನ್ನೋ ಜವಳಿಯಂಥ ಹಾಳೆಗಳನ್ನೋ ಜೋಡಿಸಿ ಮಾಡಿದ ಗೂಡುಗಳ ಹಾಸು. ಅದರೊಳಗೆ ಮರಳು ತುಂಬುವುದು. 1970ರ ದಶಕದಲ್ಲಿ ಅಮೆರಿಕದ ಸೇನೆಯ ಎಂಜಿನಿಯರುಗಳು ಸಡಿಲ ಮರಳಿನ ಮೇಲೆ ವಾಹನ ಓಡಿಸುವುದಕ್ಕೆಂದು ಶುರು ಮಾಡಿದ ಉಪಾಯ ಅದು. ಮರಳಿಗೆ ಅಂಟಿಲ್ಲ. ಭತ್ತವನ್ನು ನೆಲಕ್ಕೆ ಸುರಿದು ರಾಶಿಯ ಮೇಲೆ ಹತ್ತಿದರೆ ಕಾಲು ಹೂತುಹೋಗುತ್ತದೆ. ಅದೇ ಭತ್ತ ಚೀಲದಲ್ಲಿದ್ದರೆ ಚೀಲದ ಮೇಲೆ ಚೀಲ ಪೇರಿಸಿ ಅಟ್ಟಕ್ಕೆ ಹತ್ತಬಹುದು. ಇದನ್ನು ಯಾವ ರೈತನಾದರೂ ಹೇಳುತ್ತಾನೆ. ಎಷ್ಟು ಭಾರ, ಎಷ್ಟು ಗಟ್ಟಿ ಚೀಲ, ಎಷ್ಟು ತಗ್ಗುತ್ತದೆ ಎಂದು ಅಳೆದು ಹೇಳುವುದು ಪಿಎಚ್.ಡಿ.ಯ ಕೆಲಸ. ಮಾರ್ಗದರ್ಶಕರ ಜೊತೆ 1999ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಒಂಟಿ ಗೂಡು, ಜೋಡಿಸಿದ ಗೂಡುಗಳು ಎಲ್ಲವನ್ನೂ ಒತ್ತಿ ನೋಡಿದ್ದಾರೆ. ಗೂಡಿನ ಹಿಡಿತ ಸಿಕ್ಕ ಮರಳು, ಮೂಲದಲ್ಲಿ ಇಲ್ಲದ ಅಂಟು ಬಂದಿದೆಯೋ ಎಂಬಂತೆ ವರ್ತಿಸುತ್ತದೆ. ಒಂಟಿ ಗೂಡಿನ ಪರೀಕ್ಷೆಯನ್ನು ನಂಬಿ ಇಡೀ ಹಾಸಿನ ಗುಣ ಹೇಳಬೇಡಿ, ಕನಿಷ್ಠ ಮೂರು ಗೂಡುಗಳನ್ನಾದರೂ ಜೋಡಿಸಿ ನೋಡಿ ಎಂಬುದು ಅವರ ಸಲಹೆ. ಆಮೇಲೆ ಮೆದು ಜೇಡಿಯ ಮೇಲೆ ಜಿಯೋಸೆಲ್ ಹಾಸಿ, ಅದರ ಮೇಲೆ ಪುಟ್ಟ ಏರಿ ಕಟ್ಟಿ, ಎಲ್ಲಿವರೆಗೆ ತಡೆಯುತ್ತದೆಂದು ನೋಡಿದರು. ಬೆಂಗಳೂರಿಗೆ ಬಂದ ಮೇಲೆ ಮಣ್ಣಿನ ತಡೆಗೋಡೆಗಳನ್ನು ಭೂಕಂಪದಂತೆ ಅಲುಗುವ ಮೇಜಿನ ಮೇಲಿಟ್ಟು ಅಲ್ಲಾಡಿಸಿದರು.

"ಮಾಮ, ಬೆಟ್ಟಕ್ಕೆ ರಾಕ್ ಬೋಲ್ಟ್ ಹೊಡೆಯೋದೂ ಇದೇ ಕಥೆ" ಅಂದಳು. ಸೀಳು ಬಿಟ್ಟ ಬಂಡೆಯೂ ಒಂದು ಲೆಕ್ಕದಲ್ಲಿ ಸಡಿಲ ತುಂಡುಗಳ ರಾಶಿಯೇ. ಆಳಕ್ಕೆ ತೂತು ಕೊರೆದು ಕಬ್ಬಿಣದ ಸರಳು ಇಳಿಸಿ ಸಿಮೆಂಟು ಹಾಲು ತುಂಬಿ ಬಿಗಿದರೆ ತುಂಡುಗಳು ಒಂದನ್ನೊಂದು ಒತ್ತಿಕೊಳ್ಳುತ್ತವೆ, ಒತ್ತಡ ಹೆಚ್ಚಿದಷ್ಟೂ ಸೀಳಿನಲ್ಲಿ ಘರ್ಷಣೆ ಹೆಚ್ಚು, ಜಾರುವುದು ಕಷ್ಟ. ಇಲ್ಲಿ ಬಳಸಿದ ಕೆಲವು ಸರಳುಗಳು 30 ಮೀಟರಿನಷ್ಟು ಉದ್ದ. ಚೆನ್ನೈನ ಪ್ರಯೋಗಾಲಯದಲ್ಲಿ ಅಂಗೈ ಅಗಲದ ಗೂಡಿನಲ್ಲಿ ಕಲಿತದ್ದೇ ಈ ಬೆಟ್ಟಕ್ಕೆ ಬಂದಿದೆ ಎಂದು ಅವಳ ಅಭಿಪ್ರಾಯ. ಮಾಧವಿ ಲತಾ ಅವರೇ ಹೀಗೆ ಹೇಳಿದ್ದಾರೆಂದಲ್ಲ. ಆದರೆ ಸಡಿಲವಾದದ್ದನ್ನು ತೆಗೆದು ಎಸೆಯದೆ, ಹಿಡಿತ ಕೊಟ್ಟು ಅದರಿಂದಲೇ ಭಾರ ಹೊರಿಸುವುದು ಎಂಬ ಒಂದು ಯೋಚನೆ ಮರಳಿನಿಂದ ಡಾಲಮೈಟ್‌ವರೆಗೆ ಎಳೆಯಾಗಿ ಬಂದಿರುವುದು ನನ್ನಂಥ ಲೆಕ್ಕದವನಿಗೂ ಕಂಡಿತು.

ಸೇತುವೆಯ ಗುತ್ತಿಗೆ ಕೊಟ್ಟದ್ದು 2004ರಲ್ಲಿ. ಆಗ ಜಾಗಕ್ಕೆ ರಸ್ತೆಯಿರಲಿಲ್ಲ. ಕುದುರೆ, ಹೇಸರಗತ್ತೆಗಳ ಮೇಲೆ ಹೋಗಿದ್ದಾರೆ. ರೈಲುದಾರಿಯ ಸುರಕ್ಷತೆಯ ಪ್ರಶ್ನೆ ಎದ್ದು 2008ರ ಹೊತ್ತಿಗೆ ಕೆಲಸ ನಿಂತಿತು, ಮುಂದೆ ಮತ್ತೆ ಶುರುವಾಯಿತು. ಕಮಾನಿನ ಎರಡು ಅರ್ಧಗಳು ಕೂಡಿದ್ದು 2021ರ ಏಪ್ರಿಲ್‌ನಲ್ಲಿ, ಉದ್ಘಾಟನೆ 2025ರ ಜೂನ್ 6ರಂದು. ಇವಿಷ್ಟು ಎಲ್ಲರಿಗೂ ತಿಳಿದದ್ದೇ. ನನಗೆ ಸ್ವಾರಸ್ಯವೆನಿಸಿದ್ದು ಉದ್ಘಾಟನೆಗೆ ಸ್ವಲ್ಪ ಮೊದಲು ಇಂಡಿಯನ್ ಜಿಯೋಟೆಕ್ನಿಕಲ್ ಜರ್ನಲ್‌ನ ಮಹಿಳಾ ವಿಶೇಷ ಸಂಚಿಕೆಯಲ್ಲಿ ಮಾಧವಿ ಲತಾ ಬರೆದ ಲೇಖನ. ಅದರ ಹೆಸರು 'ಡಿಸೈನ್ ಆ್ಯಸ್ ಯೂ ಗೋ'. ಅಗೆಯುತ್ತ ಹೋದಂತೆ ವಿನ್ಯಾಸ. ಮೊದಲು ತೂತು ಕೊರೆದು ನೋಡಿದಾಗ ಕಂಡ ಬಂಡೆ ಬೇರೆ, ಬೆಟ್ಟ ತೆರೆದಾಗ ಸಿಕ್ಕ ಬಂಡೆ ಬೇರೆ. ನುಚ್ಚಾದ ಕಲ್ಲು ಸಿಕ್ಕಿತು, ಒಳಗೆ ಪೊಳ್ಳುಗಳು ಸಿಕ್ಕವು. ಹಾಗಾಗಿ ಮೇಲಿನಿಂದ ಒಂದು ಮೆಟ್ಟಿಲು ಕಡಿಯುವುದು, ತೆರೆದ ಮುಖವನ್ನು ಓದುವುದು, ಲೆಕ್ಕ ಮತ್ತೆ ಹಾಕುವುದು, ಸರಳು ಎಷ್ಟು ಉದ್ದ, ಎಷ್ಟು ಹತ್ತಿರ ಎಂದು ಬದಲಿಸುವುದು, ಕಾಂಕ್ರೀಟು ಚಿಮ್ಮಿಸಿ ಮುಚ್ಚುವುದು, ಆಮೇಲೆ ಕೆಳಗಿನ ಮೆಟ್ಟಿಲು.

ಇದನ್ನು ಕೇಳಿ ನನ್ನೊಳಗಿನ ಆಡಿಟರ್ ಎದ್ದು ಕೂತ. ನಕ್ಷೆಯಲ್ಲಿಲ್ಲದ ಕಬ್ಬಿಣ ಯಾಕೆ ಹಾಕಿದಿರಿ? ಅಂದಾಜಿಗಿಂತ ಹೆಚ್ಚು ಸಿಮೆಂಟು ಬೆಟ್ಟ ಕುಡಿಯಿತು ಎಂದರೆ ಯಾವ ವೋಚರು? ನಮ್ಮ ಟೆಂಡರುಗಳು ನೆಲ ತನ್ನನ್ನು ಮೊದಲೇ ತೋರಿಸಿಬಿಟ್ಟಿದೆ ಎಂದು ನಂಬಿ ಬರೆದವು. ಇಷ್ಟು ಘನ ಮೀಟರು, ಇಷ್ಟು ದರ. ಪಶ್ಚಿಮಘಟ್ಟದ ಎಷ್ಟೋ ರಸ್ತೆಗಳಲ್ಲಿ ಗುಡ್ಡವನ್ನು ನೆಟ್ಟಗೆ ಕಡಿದು, ಮೊದಲೇ ಬರೆದಿಟ್ಟ ಎತ್ತರದ ಕಲ್ಲುಗೋಡೆ ಕಟ್ಟಿ ಬಿಲ್ಲು ಮಾಡುವುದು ಇದೇ ನಂಬಿಕೆಯಿಂದ. ಬಿಲ್ಲು ಸರಿಯಿರುತ್ತದೆ. ಮಳೆಗಾಲದಲ್ಲಿ ಗೋಡೆ ಇರುವುದಿಲ್ಲ.

ಅಗೆಯುತ್ತ ಕಲಿಯುವುದು ಮನಸ್ಸಿಗೆ ಬಂದಂತೆ ಮಾಡುವುದಲ್ಲ ಎನ್ನುವುದಕ್ಕೆ ಇವಳು ಎಂಜಿನಿಯರ್ ರಾಲ್ಫ್ ಪೆಕ್‌ನನ್ನು ಕರೆತಂದಳು. ಅವನೂ ಒಬ್ಬ ಸಂಶೋಧನ ವಿದ್ಯಾರ್ಥಿಯಾಗಿ ಹೊರಟವನೇ, ಅದೂ ಸೇತುವೆಯಿಂದ. 1937ರಲ್ಲಿ ತೂಗುಸೇತುವೆಗಳ ಮೇಲೆ ಡಾಕ್ಟರೇಟ್ ಮುಗಿಸಿ, ಮಣ್ಣಿನ ಶಾಸ್ತ್ರ ಕಲಿಯಲು ಹಾರ್ವರ್ಡ್‌ಗೆ ಹೋದ. ಅಲ್ಲಿದ್ದ ಕಾರ್ಲ್ ಟರ್ಝಾಗಿ 1939ರಲ್ಲಿ ಅವನನ್ನು ಶಿಕಾಗೋದ ಸುರಂಗ ರೈಲಿನ ಕೆಲಸಕ್ಕೆ ಕಳಿಸಿದ. ನಗರದ ಕೆಳಗಿನ ಮೆದು ಜೇಡಿಯಲ್ಲಿ ಸುರಂಗ ತೋಡುವಾಗ ಏನಾಗುತ್ತದೆಂದು ಅಳೆಯುವುದು ಅವನ ಕೆಲಸ. ಮೂವತ್ತು ವರ್ಷದ ಮೇಲೆ, 1969ರ ರ್‍ಯಾಂಕಿನ್ ಉಪನ್ಯಾಸದಲ್ಲಿ, ಅವನು ಈ ವಿಧಾನಕ್ಕೆ ನಿಯಮ ಹಾಕಿಕೊಟ್ಟ. ನೆಲ ಹೀಗಿರಬಹುದು ಎಂಬ ಹೆಚ್ಚು ಸಂಭವದ ಲೆಕ್ಕದಿಂದ ಹೊರಡಿ, ಆದರೆ ಕೆಟ್ಟದ್ದು ಏನಾಗಬಹುದು, ಹಾಗಾದಾಗ ಏನು ಮಾಡುತ್ತೀರಿ ಎನ್ನುವುದನ್ನು ಮೊದಲೇ ಬರೆದಿಟ್ಟಿರಿ, ಅಳತೆ ನಿಲ್ಲಿಸಬೇಡಿ. ಉತ್ತರ ಸಿದ್ಧವಿಲ್ಲದಿದ್ದರೆ ಈ ದಾರಿ ಹಿಡಿಯಲೇಬೇಡಿ ಎಂದೂ ಎಚ್ಚರಿಸಿದ. ಆಡಿಟರನ ಬಾಯಿ ಮುಚ್ಚಿತು. ಇದಕ್ಕೂ ವೋಚರು ಉಂಟು. ಬರೆಯುವ ಬಗೆ ಬೇರೆ.

ಉದ್ಘಾಟನೆಯಾದ ಮೇಲೆ ಮಾಧ್ಯಮಗಳಿಗೆ ಒಂದು ಮುಖ ಬೇಕಾಯಿತು. ಸೇತುವೆಯ ಹಿಂದಿನ ಮಹಿಳೆ, ಅಸಾಧ್ಯವನ್ನು ಸಾಧಿಸಿದವರು ಎಂದು ಮಾಧವಿ ಲತಾ ಅವರ ಹೆಸರು ದೇಶವಿಡೀ ಓಡಿತು. ಅವರು ಹಾಗೆಲ್ಲ ಬರೆಯುವುದಕ್ಕೆ ಆಧಾರವಿಲ್ಲ ಎಂದರು. ಕೀರ್ತಿ ರೈಲ್ವೆಯದು, ದುಡಿದ ಸಾವಿರಾರು ಜನರಲ್ಲಿ ತಾನೊಬ್ಬಳು, ಇಳಿಜಾರುಗಳನ್ನು ಭದ್ರಪಡಿಸುವ ಯೋಜನೆ ಮತ್ತು ಇಳಿಜಾರಿನ ಮೇಲಿನ ಬುನಾದಿಗಳ ವಿನ್ಯಾಸದಲ್ಲಿ ನೆರವಾದದ್ದು ತನ್ನ ಪಾಲು, ದಯವಿಟ್ಟು ಇಲ್ಲದ ಪ್ರಸಿದ್ಧಿ ಕೊಡಬೇಡಿ ಎಂದು ಸ್ಪಷ್ಟವಾಗಿ ಬರೆದರು. ವಿನಯ ಎಂದು ಹೊಗಳಿ ಜನ ಮತ್ತೊಂದು ಸುತ್ತು ಪ್ರಸಿದ್ಧಿ ಕೊಟ್ಟರು. ನನಗೆ ಅದು ವಿನಯಕ್ಕಿಂತ ಹೆಚ್ಚಾಗಿ ಲೆಕ್ಕದ ನಿಖರತೆ ಅನ್ನಿಸಿತು. ತನ್ನ ಕೆಲಸ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಅಳತೆ ಹಾಕಿ ಹೇಳುವುದು ಆ ಓದಿನ ಅಭ್ಯಾಸವೇ ಇರಬೇಕು. ಅವರಿಗೆ 2021ರಲ್ಲೇ ಭಾರತೀಯ ಜಿಯೋಟೆಕ್ನಿಕಲ್ ಸೊಸೈಟಿ ಶ್ರೇಷ್ಠ ಮಹಿಳಾ ಸಂಶೋಧಕಿ ಎಂಬ ಪ್ರಶಸ್ತಿ ಕೊಟ್ಟಿತ್ತು. ಆಗ ಸುದ್ದಿಯಾಗಲಿಲ್ಲ.

"ಮಹಿಳಾ ಅಂತ ಬೇರೆ ಯಾಕೆ ಮಾಮ? ಬಂಡೆಗೆ ಗೊತ್ತಾಗುತ್ತಾ?" ಎಂದು ಇವಳು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳ ತರಗತಿಯಲ್ಲಿ ಹುಡುಗಿಯರು ಎಷ್ಟು ಎಂದು ಕೇಳಿದೆ. ಬೆರಳೆಣಿಕೆ ಎಂದಳು. ಹಾಗಾದರೆ ಇನ್ನೂ ಸ್ವಲ್ಪ ಕಾಲ ಇರಲಿ ಬಿಡು ಎಂದೆ. ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆ ವಂದೇ ಭಾರತ್. ಸಾಮಾನು ತಪಾಸಣೆ ಮುಗಿಸಿ ಕೂತ ಮೇಲೆ ತ್ರಿಕೂಟದ ಕೆಳಗಿನ ಸುರಂಗ. ನೀರು ನುಗ್ಗಿ ಬಹಳ ಕಾಡಿದ ಸುರಂಗ ಅದು. ಅದನ್ನು ದಾಟಿ ಮುಂದೆ ಅಂಜಿ ಕಣಿವೆ. ಇಲ್ಲಿಯೂ ಚೆನಾಬಿನ ಹಾಗೆ ಕಮಾನನ್ನೇ ಕಟ್ಟುವ ಯೋಜನೆಯಿತ್ತಂತೆ. ಆ ಇಳಿಜಾರು ಕಮಾನಿನ ಒದೆತ ತಡೆಯುವಂಥದಲ್ಲ ಎಂದು ತಿಳಿದ ಮೇಲೆ ಕೈಬಿಟ್ಟು, ಒಂದೇ ಒಂದು ಎತ್ತರದ ಕಂಬ ನಿಲ್ಲಿಸಿ 96 ಕೇಬಲ್ಲುಗಳಿಂದ ದಾರಿಯನ್ನು ಎತ್ತಿ ಹಿಡಿದಿದ್ದಾರೆ. ಬೋಗಿಯಲ್ಲಿದ್ದವರೆಲ್ಲ ಎದ್ದು ಕಿಟಕಿಗೆ ಮುತ್ತಿದರು. ಇಲ್ಲಿ ಸೇತುವೆಯ ಆಕಾರವನ್ನು ತೀರ್ಮಾನಿಸಿದ್ದು ಕಲ್ಲು ಎಂದು ಇವಳು ಪಕ್ಕದ ಸೀಟಿನವರಿಗೆ ಹಿಂದಿಯಲ್ಲಿ ವಿವರಿಸುತ್ತಿದ್ದಳು. ಚೆನಾಬ್ ಬಂದಾಗ ಇನ್ನೂ ಗದ್ದಲ, 'ಭಾರತ್ ಮಾತಾ ಕೀ ಜೈ'. ಗಂಟೆಗೆ ನೂರು ಕಿ.ಮೀ. ವೇಗ ಹಿಡಿದರೆ ಮುಕ್ಕಾಲು ನಿಮಿಷದ ದಾರಿ ಎಂದು ಅವಳು ಲೆಕ್ಕ ಹಾಕಿದ್ದಳು. ಸೇತುವೆಯಂಚಿನ ಸರಳುಗಳು ಸರಸರ ಹಿಂದೆ ಹೋದವು, ನದಿ ಒಂದು ಕ್ಷಣ ಕಂಡಿತು, ಮುಗಿಯಿತು. ಕೆಳಗಿನ ಬೂದು ಗೋಡೆಗಳು ರೈಲಿನಿಂದ ಕಾಣುವುದೇ ಇಲ್ಲ.

ಪಕ್ಕದ ಸೀಟಿನವರು ರಾಮಬನ್ ಕಡೆಯ ನಡುವಯಸ್ಸಿನ ಒಬ್ಬರು, ಬನಿಹಾಲ್‌ನಲ್ಲಿ ಇಳಿದು ಹೆದ್ದಾರಿಯಲ್ಲಿ ಹಿಂದಕ್ಕೆ ತಮ್ಮ ಹಳ್ಳಿಗೆ ಹೋಗುವವರು. ಆ ವರ್ಷದ ಏಪ್ರಿಲ್‌ನಲ್ಲಿ ರಾಮಬನ್‌ನಲ್ಲಿ ಮೇಘಸ್ಫೋಟವಾಗಿ ಮಣ್ಣು ರಸ್ತೆಗಿಳಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತಲ್ಲ, ಅದನ್ನು ಹೇಳುತ್ತ ಹೇಳುತ್ತ ಫೋನು ತೆಗೆದರು. ಅವರ ಮನೆಯ ಹಿಂದಿನ ಇಳಿಜಾರು. ಮೇಲೆ ಜೋಳದ ಹೊಲದಲ್ಲಿ ಅಡ್ಡಕ್ಕೆ ಉದ್ದ ಬಿರುಕು.

"ಬೇಟಿ, ಇದಕ್ಕೆ ಏನು ಮಾಡೋದು?"

ಅವಳು ಚಿತ್ರ ದೊಡ್ಡದು ಮಾಡಿ ನೋಡಿದಳು. "ಅಂಕಲ್, ಕೆಳಗೆ ನೀರು ಎಲ್ಲಿ ಬರ್ತದೆ?"

ಮೊದಲು ಹಿತ್ತಲಿನ ಬಾವಿಕಟ್ಟೆ ಹತ್ತಿರ ಬರುತ್ತಿತ್ತು, ಈ ವರ್ಷ ಜಾಗ ಬದಲಾಗಿದೆ ಎಂದರು. ಬಿರುಕಿಗೆ ಜೇಡಿ ಗಿಡಿದು ಮುಚ್ಚಿ, ಮಳೆಯಲ್ಲಿ ಮೇಲೆ ಟಾರ್ಪಾಲು ಹಾಸಿ, ಹೊಲದ ನೀರನ್ನು ಪಕ್ಕಕ್ಕೆ ತಿರುಗಿಸಿ, ಕೆಳಗಿನ ಮಣ್ಣು ತೆಗೆದು ಅಂಗಳ ಅಗಲ ಮಾಡಬೇಡಿ, ಜಿಲ್ಲಾಡಳಿತಕ್ಕೆ ಬರೆದು ಕೊಡಿ ಎಂದೆಲ್ಲ ಹೇಳಿದಳು. ಆಮೇಲೆ ನನ್ನ ಪೆನ್ನು ಕಿತ್ತುಕೊಂಡು ಟಿಕೆಟಿನ ಹಿಂದೆ ಬರೆದು ತೋರಿಸಿದಳು: ಬಿರುಕಿನ ಆ ಕಡೆ ಒಂದು ಗೂಟ, ಈ ಕಡೆ ಒಂದು ಗೂಟ, ವಾರಕ್ಕೊಮ್ಮೆ ಟೇಪಿನಲ್ಲಿ ಅಳೆದು ತಾರೀಖಿನ ಮುಂದೆ ಬರೆದಿಡುವುದು.

"ಎಷ್ಟಾದರೆ ಅಪಾಯ?"

"ಎಷ್ಟು ಅನ್ನೋದಕ್ಕಿಂತ ಹೇಗೆ ಹೆಚ್ಚಾಗ್ತಿದೆ ನೋಡಿ. ಹೋದ ವಾರಕ್ಕಿಂತ ಈ ವಾರ ಜಾಸ್ತಿ, ಮುಂದಿನ ವಾರ ಇನ್ನೂ ಜಾಸ್ತಿ ಅಂತಾದರೆ ಮನೆ ಬಿಟ್ಟುಬಿಡಿ. ಮಳೆ ಜೋರಾಗಿದ್ದರೆ ಅಳತೆಗೂ ಕಾಯಬೇಡಿ."

ಅವರು ಟಿಕೆಟನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಬನಿಹಾಲ್ ಬಂತು. ಇಳಿದು ನಾಲ್ಕು ಹೆಜ್ಜೆ ಹೋದವರು ತಿರುಗಿ ಬಾಗಿಲಿಗೆ ಬಂದು ಕೂಗಿ ಕೇಳಿದರು: ಗೂಟ ಮರದ್ದೋ, ಕಬ್ಬಿಣದ್ದೋ?

"ಕಬ್ಬಿಣದ್ದು, ಅಂಕಲ್. ಮೊಳದುದ್ದ ಒಳಗೆ ಹೋಗಲಿ. ದನ ಕಟ್ಟೋದಕ್ಕೆ ಮಾತ್ರ ಬಳಸಬೇಡಿ!"